ಕರಡಿ ಬಚಾವಾಯಿತು, ಹುಲ್ಲಿನ ಗತಿ ಏನು? ಪಾಂಡಾ ಸುದ್ದಿಗಳ ಗೊಂದಲ ಎಲ್ಲಿಂದ ಬರುತ್ತದೆ

ಪಾಂಡಾ ಬಗ್ಗೆ ಬರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಪ್ರಕೃತಿ ಸಂರಕ್ಷಣೆಯ ಜಾಗತಿಕ ಒಕ್ಕೂಟ ಐಯುಸಿಎನ್, ‘ಪಾಂಡಾ ಇನ್ನು ಅಳಿವಿನಂಚಿನ ಪ್ರಾಣಿಯಲ್ಲ’ ಎಂದು ಪ್ರಕಟಿಸಿತು. ಖುಷಿಪಡಬೇಕಿದ್ದ ಚೀನಾದ ಅರಣ್ಯ ಇಲಾಖೆಯೇ ‘ಇದು ಅವಸರವಾಯಿತು’ ಎಂದು ತಕರಾರು ತೆಗೆಯಿತು. ಐದು ವರ್ಷ ಕಳೆದು, 2021ರ ಜುಲೈನಲ್ಲಿ, ಅದೇ ಚೀನಾದ ಪರಿಸರ ಸಚಿವಾಲಯ ‘ಹೌದು, ಪಾಂಡಾ ಅಳಿವಿನಂಚಿನಿಂದ ಹೊರಬಂದಿದೆ’ ಎಂದಿತು. ಇವುಗಳ ನಡುನಡುವೆ ಇನ್ನೊಂದು ಬಗೆಯ ತಲೆಬರಹವೂ ಬರುತ್ತಲೇ ಇರುತ್ತದೆ: ಭೂಮಿ ಬಿಸಿಯಾಗಿ ಬಿದಿರು ಕಾಡು ಕುಗ್ಗಲಿದೆ, ಪಾಂಡಾ ಉಪವಾಸ ಬೀಳಲಿದೆ.

ಹಾಗಾದರೆ ಪಾಂಡಾ ಬಚಾವಾಯಿತೋ ಇಲ್ಲವೋ?

ಎರಡೂ ಸುದ್ದಿ ನಿಜವೇ. ಮೊದಲನೆಯದು ಒಂದು ಕರಡಿಯ ಲೆಕ್ಕ, ಎರಡನೆಯದು ಒಂದು ಹುಲ್ಲಿನ, ಅಂದರೆ ಬಿದಿರಿನ, ಲೆಕ್ಕ. ಕರಡಿಯ ಲೆಕ್ಕವನ್ನು ಕಳೆದ ಮೂವತ್ತು ನಲವತ್ತು ವರ್ಷ ನೋಡಿ ಬರೆದಿದ್ದಾರೆ. ಹುಲ್ಲಿನದನ್ನು ಮುಂದಿನ ಎಂಬತ್ತು ವರ್ಷ ಅಂದಾಜು ಮಾಡಿ ಬರೆದಿದ್ದಾರೆ. ಕರಡಿಯ ಹಣೆಬರಹ ಹುಲ್ಲಿನ ಕೈಯಲ್ಲಿದೆ. ಆದರೆ ಸುದ್ದಿಯಾಗುವ ಪಟ್ಟಿಗಳಲ್ಲಿ ಎಣಿಕೆಗೆ ಸಿಗುವುದು ಕರಡಿ ಮಾತ್ರ. ಗೊಂದಲದ ಬೇರು ಇರುವುದು ಅಲ್ಲಿ.

ಮಾಂಸಾಹಾರಿ ಹೊಟ್ಟೆಗೆ ಹುಲ್ಲಿನ ಊಟ

ಪಾಂಡಾ ಕರಡಿಯೋ ಅಲ್ಲವೋ ಎಂಬ ವಾದ ನೂರು ವರ್ಷಕ್ಕೂ ಜಾಸ್ತಿ ನಡೆದಿತ್ತು. ಅದನ್ನು ರಕೂನ್ ಕುಟುಂಬಕ್ಕೆ ಸೇರಿಸಬೇಕು ಎಂದವರೂ ಇದ್ದರು. 1980ರ ದಶಕದಲ್ಲಿ ಅಣುಮಟ್ಟದ ಪರೀಕ್ಷೆಗಳು ಬಂದ ಮೇಲೆ ಜಗಳ ಮುಗಿಯಿತು. ಅದು ಕರಡಿಯೇ, ಉಳಿದ ಕರಡಿಗಳಿಂದ ಬಹಳ ಹಿಂದೆ ಕವಲೊಡೆದದ್ದು, ಅಷ್ಟೇ. ಬಿದಿರಿನ ವಿಷಯದಲ್ಲಿ ಸಸ್ಯಶಾಸ್ತ್ರಜ್ಞರಿಗೆ ಇಂಥ ಅನುಮಾನ ಇಲ್ಲ. ಎಷ್ಟೇ ಎತ್ತರ ಬೆಳೆದರೂ ಅದು ಭತ್ತ, ಗೋಧಿ, ಕಬ್ಬು ಇರುವ ಹುಲ್ಲಿನ ಕುಟುಂಬದ್ದೇ.

ಪಾಂಡಾ ತಿನ್ನುವುದರಲ್ಲಿ ಶೇ 99ರಷ್ಟು ಬಿದಿರು. ಆದರೆ ಹೊಟ್ಟೆ ಮಾತ್ರ ಮಾಂಸ ತಿನ್ನುವ ಪ್ರಾಣಿಯದ್ದು. ಹಸುವಿಗಿರುವಂಥ ನಾಲ್ಕು ಕೋಣೆಯ ಜಠರ ಇಲ್ಲ, ಉದ್ದನೆಯ ಕರುಳೂ ಇಲ್ಲ. ತಿಂದದ್ದರಲ್ಲಿ ಮೈಗೆ ಹತ್ತುವುದು ಸುಮಾರು ಶೇ 17 ಮಾತ್ರ. ಉಳಿದದ್ದು ಕೆಲವೇ ಗಂಟೆಗಳಲ್ಲಿ ಹೊರಗೆ ಬೀಳುತ್ತದೆ. ಹಾಗಾಗಿ ದಿನಕ್ಕೆ 12 ಕಿಲೋದಿಂದ 38 ಕಿಲೋವರೆಗೆ ತಿನ್ನಬೇಕು. ಎಲೆಯ ಕಾಲದಲ್ಲಿ ತೂಕ ಕಡಿಮೆ, ನೀರು ತುಂಬಿದ ಕಳಲೆಯ ಕಾಲದಲ್ಲಿ ಜಾಸ್ತಿ.

ಅದು ತಿನ್ನುವ ರೀತಿಯನ್ನೇ ನೋಡಿ. ಅಂಡೂರಿ ಕೂರುತ್ತದೆ, ಎರಡೂ ಕೈ ಖಾಲಿ ಇರಲಿ ಅಂತ. ಮಣಿಕಟ್ಟಿನ ಒಂದು ಮೂಳೆ ಉದ್ದಕ್ಕೆ ಬೆಳೆದು ಆರನೇ ಬೆರಳಿನಂತೆ ಕೆಲಸ ಮಾಡುತ್ತದೆ. ಆ ಮೂಳೆಗೂ ಅಂಗೈಗೂ ನಡುವೆ ಬಿದಿರಿನ ಗಳವನ್ನು ಸಿಕ್ಕಿಸಿಕೊಂಡು ಬಾಯಿಯ ಮೂಲೆಗೆ ತರುತ್ತದೆ. ಹಲ್ಲಿನಿಂದ ಹೊರಸಿಪ್ಪೆ ಸುಲಿದು ಬದಿಗೆ ಬಿಸಾಕುತ್ತದೆ, ಒಳಗಿನ ಮೆತ್ತನೆಯ ಭಾಗವನ್ನು ತುಂಡು ತುಂಡಾಗಿ ಕಡಿಯುತ್ತದೆ. ಎಲೆಯಾದರೆ ಒಂದಷ್ಟನ್ನು ಬಾಯಿಯ ಬದಿಯಲ್ಲಿ ಕೂಡಿಸಿಕೊಂಡು, ಕಟ್ಟು ಮಾಡಿ, ಒಟ್ಟಿಗೆ ಕಚ್ಚುತ್ತದೆ. ದಿನದ ಅರ್ಧ ಹೊತ್ತು ಇದೇ ಕೆಲಸ.

ಇಷ್ಟು ತಿಂದರೂ ಶಕ್ತಿ ಸಾಲದು. ಅದಕ್ಕೇ ಖರ್ಚನ್ನೂ ಇಳಿಸಿಕೊಂಡಿದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಅದೇ ತೂಕದ ಸಸ್ತನಿಗಳು ಸಾಮಾನ್ಯವಾಗಿ ಖರ್ಚು ಮಾಡುವ ಶಕ್ತಿಯಲ್ಲಿ ಪಾಂಡಾ ಬಳಸುವುದು ಶೇ 38ರಷ್ಟು ಮಾತ್ರ. ಅದು ಸೋಮಾರಿಯಂತೆ ಕಾಣುವುದು ಸುಮ್ನೆ ಅಲ್ಲ.

ಇನ್ನೊಂದು ಸಂಗತಿ ಇದೆ, ಇದು ಮುಂದಿನ ವಾದಕ್ಕೆ ಬೇಕು. ಪಾಂಡಾ ಯಾವ ಬಿದಿರು ಸಿಕ್ಕರೂ ತಿಂದುಬಿಡುವುದಿಲ್ಲ. ವಸಂತದಲ್ಲಿ ಕೆಳಗಿನ ಇಳಿಜಾರಿನಲ್ಲಿ ಕಳಲೆ ಮೂಡುತ್ತದೆ, ಅದರಲ್ಲಿ ಪ್ರೋಟೀನ್ ಜಾಸ್ತಿ. ಅಲ್ಲಿನ ಕಳಲೆ ಬಲಿತು ಗಟ್ಟಿಯಾಗುವ ಹೊತ್ತಿಗೆ ಮೇಲಿನ ಎತ್ತರದಲ್ಲಿ ಬೇರೆ ಜಾತಿಯ ಕಳಲೆ ಶುರುವಾಗುತ್ತದೆ. ಪಾಂಡಾ ಅದರ ಹಿಂದೆ ಬೆಟ್ಟ ಹತ್ತುತ್ತದೆ, ಮತ್ತೆ ಇಳಿಯುತ್ತದೆ. ಚಿನ್‌ಲಿಂಗ್ ಬೆಟ್ಟಗಳಲ್ಲಿ ಇದನ್ನು ವಿವರವಾಗಿ ಗಮನಿಸಿದ್ದಾರೆ: ತಪ್ಪಲಲ್ಲಿ ಒಂದು ಜಾತಿ, ಎತ್ತರದಲ್ಲಿ ಇನ್ನೊಂದು. ವರ್ಷಪೂರ್ತಿ ಬದುಕಲು ಎರಡೂ ಬೇಕು. ಬಿದಿರು ಇದೆ ಅಂದರೆ ಸಾಲದು. ಎರಡು ಎತ್ತರದಲ್ಲಿ, ಎರಡು ಬಗೆಯ ಬಿದಿರು, ನಡುವೆ ಓಡಾಡಲು ದಾರಿ ಇರಬೇಕು.

ಹುಟ್ಟು ಸಾವಿನ ಎರಡು ಲೆಕ್ಕ

ಕರಡಿ ನಿಧಾನವಾಗಿ ಹೆಚ್ಚುತ್ತದೆ. ಹೆಣ್ಣು ಪಾಂಡಾ ವರ್ಷಕ್ಕೆ ಒಂದೇ ಸಲ, ಒಂದರಿಂದ ಮೂರು ದಿನ ಮಾತ್ರ ಗರ್ಭ ಧರಿಸಬಲ್ಲದು. ಹುಟ್ಟುವ ಮರಿಯ ತೂಕ ನೂರು ಗ್ರಾಂ ಆಸುಪಾಸು. ಅದನ್ನು ಒಂದೂವರೆ ವರ್ಷ ಸಾಕಬೇಕು. ಹೆಚ್ಚೆಂದರೆ ಎರಡು ವರ್ಷಕ್ಕೊಂದು ಮರಿ ಬೆಳೆದು ನಿಲ್ಲುತ್ತದೆ. ಹೀಗಾಗಿ ಒಂದಿಷ್ಟು ಪಾಂಡಾ ಸತ್ತರೆ ಆ ನಷ್ಟ ತುಂಬಲು ವರ್ಷಗಟ್ಟಲೆ ಬೇಕು. ಆದರೆ ಅದಕ್ಕೊಂದು ಅನುಕೂಲವೂ ಇದೆ. ಎಲ್ಲ ಪಾಂಡಾಗಳೂ ಒಂದೇ ವರ್ಷ ಸಾಯುವುದಿಲ್ಲ.

ಹುಲ್ಲಿನದು ಇದಕ್ಕೆ ತದ್ವಿರುದ್ಧ. ವೋಲಾಂಗ್ ರಕ್ಷಿತಾರಣ್ಯದ ಎತ್ತರದ ಇಳಿಜಾರುಗಳನ್ನು ತುಂಬಿರುವ ಬಾಣಬಿದಿರನ್ನೇ ತೆಗೆದುಕೊಳ್ಳೋಣ. ಇದರ ಶಾಸ್ತ್ರೀಯ ಹೆಸರು ಬಾಶಾನಿಯಾ ಫಾಂಗಿಯಾನಾ. ಗಳ ಬೆರಳು ದಪ್ಪಕ್ಕೂ ಕಮ್ಮಿ, ಎತ್ತರ ಹೆಚ್ಚು ಕಡಿಮೆ ಆಳುದ್ದ. ದೊಡ್ಡ ಮರಗಳ ನೆರಳಿನಲ್ಲಿ ಒತ್ತೊತ್ತಾಗಿ ಬೆಳೆಯುತ್ತದೆ. ಹತ್ತಾರು ವರ್ಷ ಅದು ಹೂ ಬಿಡುವುದೇ ಇಲ್ಲ. ನೆಲದೊಳಗೆ ಹರಿದಾಡುವ ಬೇರುಕಾಂಡದಿಂದ ಹೊಸ ಕಳಲೆ ಏಳಿಸಿಕೊಂಡು ಹರಡುತ್ತಾ ಹೋಗುತ್ತದೆ. ಆಮೇಲೆ ಒಂದು ವರ್ಷ ಬೆಟ್ಟಕ್ಕೆ ಬೆಟ್ಟವೇ ಹೂ ಬಿಡುತ್ತದೆ, ಬಿದಿರಕ್ಕಿ ಉದುರಿಸುತ್ತದೆ, ಒಣಗಿ ಸಾಯುತ್ತದೆ. ಉದುರಿದ ಬೀಜ ಮೊಳೆತು, ಪಾಂಡಾ ಮತ್ತೆ ತಿನ್ನುವ ಹಾಗೆ ಆಗಲು ಹತ್ತರಿಂದ ಇಪ್ಪತ್ತು ವರ್ಷ ಹಿಡಿಯಬಹುದು.

ಸಂರಕ್ಷಣೆಯ ಭಾಷೆಯಲ್ಲಿ ನೋಡಿದರೆ ಇದು ವಿಚಿತ್ರ ಸ್ಥಿತಿ. ಹೂ ಬಿಟ್ಟು ಸತ್ತ ಬಿದಿರಿಗೆ ಯಾವ ಅಪಾಯವೂ ಆಗಿಲ್ಲ. ಸಾಯುವುದೇ ಅದು ಸಂತಾನ ಬೆಳೆಸುವ ರೀತಿ. ಅಪಾಯವೆಲ್ಲ ಅದನ್ನು ನಂಬಿ ಕೂತಿರುವ ಕರಡಿಗೆ.

1975 ಮತ್ತು 1983: ಒಂದೇ ಘಟನೆ, ಎರಡು ಪಾಠ

1970ರ ದಶಕದ ನಡುವಿನಲ್ಲಿ ಮಿನ್‌ಶಾನ್ ಬೆಟ್ಟಸಾಲಿನಲ್ಲಿ ಬಿದಿರು ದೊಡ್ಡ ಪ್ರಮಾಣದಲ್ಲಿ ಹೂ ಬಿಟ್ಟಿತು. ಒಂದಲ್ಲ, ಹಲವು ಜಾತಿ ಒಟ್ಟೊಟ್ಟಿಗೆ. ಆಗ ಕನಿಷ್ಠ 138 ಪಾಂಡಾಗಳ ಹೆಣ ಸಿಕ್ಕಿದವು. ಇಡೀ ಜಗತ್ತಿನಲ್ಲಿ ಇದ್ದದ್ದೇ ಒಂದೆರಡು ಸಾವಿರ ಎಂದು ನೆನಪಿಟ್ಟುಕೊಂಡರೆ ಇದು ಸಣ್ಣ ಸಂಖ್ಯೆಯಲ್ಲ.

1983ರಲ್ಲಿ ವೋಲಾಂಗ್ ಇರುವ ಚಿಯೊಂಗ್‌ಲಾಯ್ ಬೆಟ್ಟಗಳಲ್ಲಿ ಬಾಣಬಿದಿರು ಹೂ ಬಿಟ್ಟಾಗ ಎಲ್ಲರೂ ಅದೇ ದುರಂತ ಮರುಕಳಿಸುತ್ತದೆ ಅಂದುಕೊಂಡರು. ಚೀನಾದಲ್ಲಿ ಮಕ್ಕಳೂ ಚಂದಾ ಎತ್ತಿದರು. ಹಸಿದ ಪಾಂಡಾಗಳನ್ನು ಹುಡುಕಿ ಹಿಡಿದು ತರುವ ಕಾರ್ಯಾಚರಣೆ ನಡೆಯಿತು. ಆದರೆ ವೋಲಾಂಗ್‌ನಲ್ಲಿ ಆದದ್ದೇ ಬೇರೆ. ಅಲ್ಲಿ ಕೆಳಗಿನ ಎತ್ತರದಲ್ಲಿ ಛತ್ರಿಬಿದಿರು ಎಂಬ ಇನ್ನೊಂದು ಜಾತಿ ಇತ್ತು. ಅದು ಆ ವರ್ಷ ಹೂ ಬಿಟ್ಟಿರಲಿಲ್ಲ. ಪಾಂಡಾಗಳು ಇಳಿದು ಬಂದು ಅದನ್ನು ತಿಂದವು. ಅಲ್ಲಿ ಹಲವು ವರ್ಷ ಪಾಂಡಾಗಳ ಹಿಂದೆಬಿದ್ದು ಅಧ್ಯಯನ ಮಾಡಿದ್ದ ಹು ಜಿಂಚು ಮತ್ತು ಜಾರ್ಜ್ ಶಾಲರ್ ತಂಡಕ್ಕೆ ಇದು ಕಣ್ಣಾರೆ ಗೊತ್ತಿತ್ತು. ಕಾಡಿನಿಂದ ಪ್ರಾಣಿಗಳನ್ನು ಹೀಗೆ ಎತ್ತಿಕೊಂಡು ಹೋಗುವುದು, ಅದರ ಜೊತೆಗೆ ಕಳ್ಳಬೇಟೆ, ಇವೇ ಹಸಿವಿಗಿಂತ ದೊಡ್ಡ ಅಪಾಯ ಎಂದು ಶಾಲರ್ ಆಮೇಲೆ ಗಟ್ಟಿಯಾಗಿ ವಾದಿಸಿದರು.

ಎರಡು ಘಟನೆಗಳ ನಡುವಿನ ವ್ಯತ್ಯಾಸಕ್ಕೆ ಮುಖ್ಯ ಕಾರಣ ಒಂದೇ. ಎರಡನೇ ಜಾತಿಯ ಬಿದಿರು ಇತ್ತೋ ಇಲ್ಲವೋ, ಇದ್ದರೆ ಅಲ್ಲಿಗೆ ನಡೆದು ಹೋಗಲು ದಾರಿ ಇತ್ತೋ ಇಲ್ಲವೋ. ಬಿದಿರು ಲಕ್ಷಾಂತರ ವರ್ಷಗಳಿಂದ ಹೀಗೇ ಹೂ ಬಿಡುತ್ತಾ ಬಂದಿದೆ, ಪಾಂಡಾ ಬದುಕುತ್ತಲೇ ಬಂದಿದೆ. ಒಂದು ಕಣಿವೆಯ ಬಿದಿರು ಸತ್ತರೆ ಪಕ್ಕದ ಕಣಿವೆಗೆ ಹೋಗುತ್ತಿತ್ತು. ಪಕ್ಕದ ಕಣಿವೆಯಲ್ಲಿ ಹೊಲ, ಊರು, ಹೆದ್ದಾರಿ ಬಂದ ಮೇಲೆ ಅದೇ ಹೂ ಕಂಟಕವಾಯಿತು.

ಲದ್ದಿಯೊಳಗಿನ ಬಿದಿರಿನ ತುಂಡು ಅಳೆದು ಎಣಿಕೆ

ಈಗ ಸಂಖ್ಯೆಗಳಿಗೆ ಬರೋಣ. ಚೀನಾ ಇದುವರೆಗೆ ನಾಲ್ಕು ರಾಷ್ಟ್ರೀಯ ಗಣತಿಗಳ ಫಲಿತಾಂಶ ಪ್ರಕಟಿಸಿದೆ. 1970ರ ದಶಕದ ಮೊದಲ ಗಣತಿ ಸುಮಾರು 2,459 ಎಂದಿತು. 1980ರ ದಶಕದ್ದು 1,114 ಎಂದಿತು. 2003ರ ಹೊತ್ತಿಗೆ ಮುಗಿದ ಮೂರನೆಯದು 1,596. 2015ರಲ್ಲಿ ಪ್ರಕಟವಾದ ನಾಲ್ಕನೆಯದು 1,864. ಈಗ ಅಲ್ಲಿನ ಅಧಿಕಾರಿಗಳು 1,900ರ ಹತ್ತಿರ ಎನ್ನುತ್ತಾರೆ.

ದಟ್ಟ ಬಿದಿರಿನೊಳಗೆ ಪಾಂಡಾವನ್ನು ಕಣ್ಣಲ್ಲಿ ನೋಡಿ ಎಣಿಸುವುದು ಆಗದ ಮಾತು. ಎಣಿಸುವವರು ಹುಡುಕುವುದು ಲದ್ದಿಯನ್ನು. ಅರೆಬರೆ ಜೀರ್ಣವಾದ ಲದ್ದಿಯಲ್ಲಿ ಬಿದಿರಿನ ತುಂಡುಗಳು ಹಾಗೇ ಇರುತ್ತವೆ. ಒಂದೊಂದು ಪಾಂಡಾ ಕಡಿಯುವ ತುಂಡಿನ ಉದ್ದ ಒಂದೊಂದು ಬಗೆ. ಆ ಉದ್ದ ಅಳೆದು, ಲದ್ದಿ ಸಿಕ್ಕ ಜಾಗಗಳ ನಡುವಿನ ದೂರ ನೋಡಿ, ಇದು ಒಂದೇ ಪಾಂಡಾದ್ದೋ ಎರಡರದ್ದೋ ಎಂದು ತೀರ್ಮಾನಿಸುತ್ತಾರೆ. ನಾಲ್ಕನೇ ಗಣತಿಯಲ್ಲಿ ಡಿಎನ್‌ಎ ಪರೀಕ್ಷೆಯನ್ನೂ ಸೇರಿಸಿದರು.

ಇದರಿಂದ ಒಂದು ಎಚ್ಚರಿಕೆ ಬೇಕಾಗುತ್ತದೆ. ಗಣತಿಯಿಂದ ಗಣತಿಗೆ ವಿಧಾನ ಬದಲಾಗಿದೆ, ಹುಡುಕಿದ ಪ್ರದೇಶವೂ ದೊಡ್ಡದಾಗಿದೆ. ಜಾಸ್ತಿ ಜಾಗದಲ್ಲಿ ಹುಡುಕಿದರೆ ಜಾಸ್ತಿ ಸಿಗುತ್ತವೆ, ಅಲ್ವಾ? ಹಾಗಾಗಿ 1,596ರಿಂದ 1,864ಕ್ಕೆ ಏರಿದ್ದರಲ್ಲಿ ಎಷ್ಟು ನಿಜವಾದ ಏರಿಕೆ, ಎಷ್ಟು ಹುಡುಕಾಟದ ಫಲ ಎಂಬ ಪ್ರಶ್ನೆಯನ್ನು ಕೆಲವು ವಿಜ್ಞಾನಿಗಳು ಎತ್ತಿದ್ದಾರೆ. ಇಳಿಯುವುದು ನಿಂತಿದೆ ಎನ್ನುವುದನ್ನಂತೂ ಹೆಚ್ಚಿನವರು ಒಪ್ಪುತ್ತಾರೆ.

ಇಳಿಕೆ ನಿಂತದ್ದು ಹೇಗೆ

ಕಳ್ಳಬೇಟೆಗೆ ಕಠಿಣ ಶಿಕ್ಷೆ ಬಂದದ್ದು ಒಂದು ಕಾರಣ. ಆದರೆ ದೊಡ್ಡ ಕಾರಣ ಪಾಂಡಾಕ್ಕಾಗಿ ಮಾಡಿದ್ದೇ ಅಲ್ಲ. 1998ರ ಬೇಸಿಗೆಯಲ್ಲಿ ಯಾಂಗ್ಟ್ಸೆ ನದಿಯಲ್ಲಿ ಭಾರಿ ಪ್ರವಾಹ ಬಂತು, ಸಾವಿರಾರು ಜನ ಸತ್ತರು. ನದಿಯ ಮೇಲ್ಭಾಗದ ಬೆಟ್ಟಗಳನ್ನು ಬೋಳಿಸಿದ್ದೇ ಪ್ರವಾಹ ಇಷ್ಟು ಜೋರಾಗಲು ಕಾರಣ ಎಂದು ಸರ್ಕಾರ ತೀರ್ಮಾನಿಸಿತು. ಅಲ್ಲಿನ ಸಹಜ ಕಾಡುಗಳಲ್ಲಿ ಮರ ಕಡಿಯುವುದನ್ನು ನಿಷೇಧಿಸಿತು. ಮರುವರ್ಷವೇ ಕಡಿದಾದ ಇಳಿಜಾರಿನ ಹೊಲಗಳಲ್ಲಿ ಉಳುಮೆ ಬಿಟ್ಟು ಮರ ಬೆಳೆಸುವ ರೈತರಿಗೆ ಧಾನ್ಯ ಮತ್ತು ಹಣ ಕೊಡುವ ಯೋಜನೆ ತಂದಿತು. ಅದು ಮೊದಲು ಶುರುವಾದದ್ದು ಸಿಚುವಾನ್, ಶಾನ್‌ಶಿ, ಗಾನ್ಸು ಪ್ರಾಂತ್ಯಗಳಲ್ಲಿ. ಕಾಡು ಪಾಂಡಾ ಉಳಿದಿರುವುದೂ ಈ ಮೂರರಲ್ಲೇ.

ಮರ ಉಳಿದರೆ ನೆರಳು ಉಳಿಯಿತು. ನೆರಳು ಉಳಿದರೆ ಅದರಡಿಯ ಬಿದಿರು ಉಳಿಯಿತು. ಹಳೇ ಮರಗಳ ಪೊಟರೆಗಳೂ ಉಳಿದವು, ಮರಿ ಹಾಕಲು ಪಾಂಡಾಕ್ಕೆ ಅವು ಬೇಕು. ನೆರೆ ತಡೆಯಲು ಮಾಡಿದ ಕಾನೂನು ಕರಡಿಯನ್ನು ಉಳಿಸಿತು. ಮೃಗಾಲಯಗಳಲ್ಲಿ ಹುಟ್ಟುವ ಮುದ್ದು ಮರಿಗಳಿಗೆ ಸಿಗುವ ಪ್ರಚಾರದ ಹತ್ತರಲ್ಲೊಂದು ಪಾಲೂ ಈ ಮರ ಕಡಿಯುವ ನಿಷೇಧಕ್ಕೆ ಸಿಕ್ಕಿಲ್ಲ. ಸೆರೆಯಲ್ಲಿರುವ ಪಾಂಡಾಗಳು ಈಗ 700ಕ್ಕೂ ಜಾಸ್ತಿ. ಆದರೆ ಅಲ್ಲಿಂದ ಕಾಡಿಗೆ ಬಿಟ್ಟವು ಬೆರಳೆಣಿಕೆಯಷ್ಟು. 2006ರಲ್ಲಿ ಮೊದಲು ಬಿಟ್ಟ ಶಿಯಾಂಗ್ ಶಿಯಾಂಗ್ ಎಂಬ ಗಂಡು ಒಂದು ವರ್ಷವೂ ಬದುಕಲಿಲ್ಲ. ಕಾಡು ಪಾಂಡಾಗಳ ಜೊತೆ ಕಾದಾಡಿ ಗಾಯಗೊಂಡಿತ್ತು.

ಕೆಂಪು ಪಟ್ಟಿ ಏನನ್ನು ಅಳೆಯುತ್ತದೆ

ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಪಾಯದ ಮೆಟ್ಟಿಲುಗಳಿವೆ. ಪಾಂಡಾ ಇದ್ದದ್ದು ‘ಎಂಡೇಂಜರ್ಡ್’ ಮೆಟ್ಟಿಲಲ್ಲಿ. 2016ರಲ್ಲಿ ಒಂದು ಮೆಟ್ಟಿಲು ಕಡಿಮೆ ಅಪಾಯದ ‘ವಲ್ನರಬಲ್’ಗೆ ಬಂತು. ವಲ್ನರಬಲ್ ಅಂದರೆ ಅಪಾಯ ಇಲ್ಲ ಎಂದಲ್ಲ. ಅಳಿವಿನ ಭೀತಿ ಇರುವ ಮೂರು ವರ್ಗಗಳಲ್ಲಿ ಅದೂ ಒಂದು.

ಎಂಡೇಂಜರ್ಡ್ ಅನ್ನಿಸಿಕೊಳ್ಳಲು ಸುಮ್ನೆ ಸಂಖ್ಯೆ ಕಡಿಮೆ ಇದ್ದರೆ ಸಾಲದು, ಸಾಮಾನ್ಯವಾಗಿ ಅದು ಇಳಿಯುತ್ತಲೂ ಇರಬೇಕು, ಗುಂಪುಗಳೂ ತೀರಾ ಚಿಕ್ಕವಿರಬೇಕು. ಪಾಂಡಾ ಇಳಿಯುವುದು ನಿಂತಿತ್ತು. ಹಾಗಾಗಿ ಆ ಮೆಟ್ಟಿಲಿನ ಷರತ್ತು ಪೂರೈಸಲಿಲ್ಲ. ಸರಿ, ಹಾಗಾದರೆ ಪಟ್ಟಿಯಿಂದಲೇ ಯಾಕೆ ಬಿಡಲಿಲ್ಲ? ಇಲ್ಲಿದೆ ತಲೆಬರಹಗಳು ಬಿಟ್ಟುಬಿಟ್ಟ ಸಂಗತಿ. ಮುಂದಿನ 80 ವರ್ಷಗಳಲ್ಲಿ ಹವಾಮಾನ ಬದಲಾವಣೆಯಿಂದ ಪಾಂಡಾದ ಬಿದಿರು ನೆಲೆಯಲ್ಲಿ ಶೇ 35ಕ್ಕೂ ಹೆಚ್ಚು ನಾಶವಾಗಬಹುದು, ಆಗ ಪಾಂಡಾ ಸಂಖ್ಯೆ ಮತ್ತೆ ಇಳಿಯಬಹುದು ಎಂದು ಅದೇ ನಿರ್ಧಾರದಲ್ಲಿ ಬರೆದಿತ್ತು. ಅಂದರೆ ‘ಪಾಂಡಾ ಬಚಾವ್’ ಮತ್ತು ‘ಬಿದಿರು ಹೋಗಲಿದೆ’ ಎರಡೂ ಒಂದೇ ಕಾಗದದಲ್ಲಿದ್ದವು. ಪತ್ರಿಕೆಗಳು ಅದನ್ನು ಎರಡು ಸುದ್ದಿ ಮಾಡಿದವು.

ವಲ್ನರಬಲ್ ಎಂಬ ಚೀಟಿ ಒಂದೇ ಆದರೂ ಅದರ ಹಿಂದಿನ ಕಾರಣ ಬೇರೆಬೇರೆ ಇರಬಹುದು. ಜಗತ್ತಿನಲ್ಲಿ ಎಂಟು ಜಾತಿ ಕರಡಿಗಳಿವೆ. ಆರು ಇದೇ ವರ್ಗದಲ್ಲಿವೆ. ಹಿಮಕರಡಿ ಸುಮಾರು 26,000 ಇದ್ದರೂ ವಲ್ನರಬಲ್, ಏಕೆಂದರೆ ಅದು ನಿಂತು ಬೇಟೆಯಾಡುವ ಹಿಮವೇ ಕರಗುತ್ತಿದೆ. ಪಾಂಡಾ ಬರೀ ಎರಡು ಸಾವಿರದಷ್ಟು ಇದ್ದರೂ ವಲ್ನರಬಲ್, ಏಕೆಂದರೆ ಅದು ಇಳಿಯುವುದು ನಿಂತಿದೆ.

ಚೀನಾ ಮೊದಲು ಬೇಡ ಅಂದದ್ದು, ಆಮೇಲೆ ಹೂಂ ಅಂದದ್ದು

2016ರ ನಿರ್ಧಾರದ ಪರ ಇದ್ದವರ ವಾದ ಸರಳ. ಪಟ್ಟಿ ಇರುವುದು ಅಳಿವಿನ ಅಪಾಯ ಅಳೆಯಲು, ಪ್ರೀತಿ ಅಳೆಯಲು ಅಲ್ಲ. ನಿಯಮದ ಪ್ರಕಾರ ಸುಧಾರಿಸಿದ ಪ್ರಾಣಿಯನ್ನು ಮೇಲಿನ ಅಪಾಯದಲ್ಲೇ ಇಟ್ಟುಕೊಂಡರೆ ಪಟ್ಟಿಯ ಮಾತನ್ನು ಮುಂದೆ ಯಾರೂ ನಂಬುವುದಿಲ್ಲ. ದುಡ್ಡು ಖರ್ಚು ಮಾಡಿದರೆ ಫಲ ಸಿಗುತ್ತದೆ ಎಂದು ತೋರಿಸಲೂ ಇಂಥ ಉದಾಹರಣೆ ಬೇಕು.

ಅರಣ್ಯ ಇಲಾಖೆಯ ವಾದವೂ ಪೊಳ್ಳಲ್ಲ. ಒಟ್ಟು ಸಂಖ್ಯೆ ಏರಿರಬಹುದು, ಆದರೆ ಆ 1,864 ಪಾಂಡಾಗಳು ಒಂದೇ ಕಡೆ ಇಲ್ಲ. ಆರು ಬೆಟ್ಟಸಾಲುಗಳಲ್ಲಿ 33 ಬಿಡಿ ಗುಂಪುಗಳಾಗಿ ಹಂಚಿಹೋಗಿವೆ. ಅವುಗಳಲ್ಲಿ 22 ಗುಂಪುಗಳಲ್ಲಿ 30ಕ್ಕಿಂತ ಕಡಿಮೆ, 18ರಲ್ಲಿ ಹತ್ತೂ ಇಲ್ಲ. ಮಿನ್‌ಶಾನ್‌ನಲ್ಲಿ ಎಂಟುನೂರರಷ್ಟು ಇದ್ದರೆ ಶಿಯಾವೊಶಿಯಾಂಗ್‌ಲಿಂಗ್‌ನಲ್ಲಿ ಮೂವತ್ತು. ಒಟ್ಟು ಮೊತ್ತ ಚೆನ್ನಾಗಿ ಕಾಣುತ್ತಿರುವಾಗಲೇ ಸಣ್ಣ ಗುಂಪುಗಳು ಒಂದೊಂದಾಗಿ ಆರಿಹೋಗಬಹುದು. ಜೊತೆಗೆ ಇಲಾಖೆಗೆ ಇನ್ನೊಂದು ಭಯವಿತ್ತು. ಅಪಾಯ ಕಡಿಮೆಯಾಯಿತು ಎಂದರೆ ಹಣ, ಸಿಬ್ಬಂದಿ, ಗಮನ ಎಲ್ಲವೂ ಸಡಿಲವಾಗುತ್ತದೆ.

2021ರಲ್ಲಿ ನಿಲುವು ಬದಲಾದದ್ದಕ್ಕೆ ಹಿನ್ನೆಲೆ ಇದೆ. ಅದೇ ವರ್ಷ ಅಕ್ಟೋಬರಿನಲ್ಲಿ ಚೀನಾ ಪಾಂಡಾ ರಾಷ್ಟ್ರೀಯ ಉದ್ಯಾನವನ್ನು ಅಧಿಕೃತವಾಗಿ ಘೋಷಿಸಿತು. ವಿಸ್ತಾರ 22,000 ಚದರ ಕಿಲೋಮೀಟರಿಗೂ ಹೆಚ್ಚು. ಕಾಡು ಪಾಂಡಾಗಳಲ್ಲಿ ಸುಮಾರು ಶೇ 70 ಇದರೊಳಗಿವೆ. ಬಿಡಿಬಿಡಿ ರಕ್ಷಿತಾರಣ್ಯಗಳನ್ನು ಒಂದೇ ಆಡಳಿತಕ್ಕೆ ತರುವ ಹೊತ್ತಿನಲ್ಲಿ ‘ನಾವು ಗೆದ್ದೆವು’ ಎನ್ನುವುದು ಸುಲಭ. ಹಾಗಂತ ಕಾನೂನಿನ ರಕ್ಷಣೆ ಕಡಿಮೆಯಾಗಲಿಲ್ಲ. ಚೀನಾದಲ್ಲಿ ಪಾಂಡಾ ಈಗಲೂ ಮೊದಲ ದರ್ಜೆಯ ಸಂರಕ್ಷಿತ ಪ್ರಾಣಿ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಲ್ಲೂ ಅತಿ ಬಿಗಿ ಪಟ್ಟಿಯಲ್ಲೇ ಇದೆ. ಬದಲಾದದ್ದು ಅಪಾಯದ ಅಂದಾಜು ಮಾತ್ರ.

ನನ್ನ ಲೆಕ್ಕದಲ್ಲಿ ಐಯುಸಿಎನ್ ಮಾಡಿದ್ದು ನಿಯಮದ ಪ್ರಕಾರ ಸರಿ, ಇಲಾಖೆ ಹೆದರಿದ್ದೂ ಸರಿ. ಇಬ್ಬರೂ ಕರಡಿಯ ತಲೆ ಎಣಿಸುತ್ತಾ ವಾದ ಮಾಡಿದ್ದು ಮಾತ್ರ ಸರಿ ಕಾಣುವುದಿಲ್ಲ.

ಹುಲ್ಲನ್ನು ಎಣಿಸುವುದು ಯಾಕೆ ಕಷ್ಟ

ಜಗತ್ತಿನಲ್ಲಿ ಬಿದಿರಿನ ಜಾತಿಗಳು ಸಾವಿರದ ಆರುನೂರರ ಆಸುಪಾಸು. 2004ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕಡೆಯಿಂದ ಬಂದ ಒಂದು ವರದಿ, ಸುಮಾರು 1,200 ಗಟ್ಟಿಗಳದ ಬಿದಿರು ಜಾತಿಗಳಲ್ಲಿ ಅರ್ಧದಷ್ಟಕ್ಕೆ ಕಾಡುನಾಶದ ಅಪಾಯ ಇದೆ ಎಂದಿತ್ತು. ಅದು ಪಾಂಡಾ ಸುದ್ದಿಯ ಕಾಲುಭಾಗ ಗದ್ದಲವನ್ನೂ ಎಬ್ಬಿಸಲಿಲ್ಲ.

ಅಸಡ್ಡೆ ಒಂದೇ ಕಾರಣವಲ್ಲ. ಕೆಂಪು ಪಟ್ಟಿಯ ಅಳತೆಗೋಲುಗಳಲ್ಲಿ ಮುಖ್ಯವಾದದ್ದು ಸಂತಾನ ಹುಟ್ಟಿಸಬಲ್ಲ ಪ್ರೌಢ ಜೀವಿಗಳ ಸಂಖ್ಯೆ. ಪಾಂಡಾದಲ್ಲಿ ಅದು 500ರಿಂದ 1,000 ಎಂದು ಅಂದಾಜಿಸಬಹುದು. ಬಿದಿರಿನಲ್ಲಿ ಏನನ್ನು ಎಣಿಸುತ್ತೀರಿ? ಒಂದು ಬೆಟ್ಟದ ಲಕ್ಷ ಗಳಗಳು ನೆಲದೊಳಗಿನ ಒಂದೇ ಬೇರುಕಾಂಡದಿಂದ ಎದ್ದಿರಬಹುದು. ಆಗ ಅದು ಲಕ್ಷ ಜೀವಿಯೋ, ಒಂದೇ ಜೀವಿಯೋ? ಇನ್ನು ಹತ್ತಾರು ವರ್ಷಕ್ಕೊಮ್ಮೆ ಹೂ ಬಿಡುವ ಗಿಡ ಯಾವತ್ತು ಪ್ರೌಢ? ಸಂಖ್ಯೆ ಇಳಿಯುತ್ತಿದೆಯೇ ಎಂದು ಮೂರು ತಲೆಮಾರು ನೋಡಬೇಕು ಎನ್ನುವುದು ಪಟ್ಟಿಯ ಒಂದು ರೂಢಿ. ಬಿದಿರಿಗೆ ಅದನ್ನು ಅನ್ವಯಿಸಿದರೆ ನೂರು ವರ್ಷದ ಮೇಲೆ ಕಾಯಬೇಕು. ಗೋಲೇ ಪ್ರಾಣಿಯ ಅಳತೆಗೆ ಹೊಲಿದದ್ದು.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಚೀನಾದಲ್ಲಿ ಬಿದಿರು ಹೆಚ್ಚುತ್ತಿದೆ ಎಂಬ ವರದಿಗಳೂ ಬರುತ್ತವೆ. ಅದೂ ನಿಜ. ಆದರೆ ಅದು ಬಹುಪಾಲು ಮೋಸೊ ಎಂಬ ದೊಡ್ಡ ಬಿದಿರು. ತಗ್ಗು ಪ್ರದೇಶಗಳಲ್ಲಿ ಲಕ್ಷಾಂತರ ಹೆಕ್ಟೇರ್ ನೆಟ್ಟು ಬೆಳೆಸುವ ಬೆಳೆ. ಪಾಂಡಾಗೆ ಬೇಕಾದದ್ದು ಬೆಟ್ಟದ ಮೇಲೆ, ಹಳೇ ಕಾಡಿನ ನೆರಳಲ್ಲಿ ಬೆಳೆಯುವ ಸಣ್ಣ ಬಿದಿರು. ತೋಟದ ಬಿದಿರು ಎಷ್ಟೇ ಹೆಚ್ಚಾದರೂ ಮಿನ್‌ಶಾನ್‌ನ ಪಾಂಡಾಗೆ ಅದರಿಂದ ಒಂದು ತುತ್ತೂ ಸಿಗುವುದಿಲ್ಲ.

ಕಾಡಿನೊಳಗೇ ಬಿದಿರಿಗೆ ಪೈಪೋಟಿ ಇದೆ. ವೋಲಾಂಗ್‌ನಲ್ಲಿ 1998ರಲ್ಲಿ ಹಳ್ಳಿಗರ ಕುದುರೆಗಳು ಬರೀ 25 ಇದ್ದವು. 2008ರ ಹೊತ್ತಿಗೆ 350 ಆದವು. ಕಾಡಿಗೆ ಬಿಟ್ಟರೆ ಮೇವಿನ ಖರ್ಚಿಲ್ಲ, ಬೇಕಾದಾಗ ಮಾರಬಹುದು. ಕುದುರೆಗೆ ಇಷ್ಟವಾದದ್ದೂ ಪಾಂಡಾ ಮೇಯುವ ಮೆತ್ತಗಿನ ಇಳಿಜಾರಿನ ಬಿದಿರೇ. ಸಂಶೋಧಕರು ಇದನ್ನು ತೋರಿಸಿಕೊಟ್ಟ ಮೇಲೆ ಅಲ್ಲಿ ಕುದುರೆ ಬಿಡುವುದನ್ನು ನಿಷೇಧಿಸಿದರು. ಕೆಂಪು ಪಟ್ಟಿಯ ಯಾವ ಕಾಲಮ್ಮಿನಲ್ಲೂ ಇದು ಕಾಣುವುದಿಲ್ಲ. ಪಾಂಡಾ ಸಂಖ್ಯೆ ಅದೇ ಇರುತ್ತದೆ, ಬಿದಿರು ಜಾತಿಯೂ ಅಳಿಯುವುದಿಲ್ಲ. ತಿನ್ನಲು ಇರುವುದು ಮಾತ್ರ ಕಡಿಮೆಯಾಗಿರುತ್ತದೆ.

ಬಿಸಿ ಓಡುತ್ತದೆ, ಬಿದಿರು ಓಡುವುದಿಲ್ಲ

ತಾಪಮಾನ ಏರಿದರೆ ಬೆಟ್ಟದ ಗಿಡಗಳು ಮೇಲಕ್ಕೆ ಸರಿಯಬೇಕು. ವರ್ಷವರ್ಷ ಬೀಜ ಚೆಲ್ಲುವ ಗಿಡ ನಿಧಾನಕ್ಕೆ ಸರಿಯುತ್ತದೆ. ಬಿದಿರಿಗೆ ಬೀಜ ಬರುವುದೇ ಹತ್ತಾರು ವರ್ಷಕ್ಕೊಮ್ಮೆ, ಬಿದ್ದರೂ ಬುಡದಲ್ಲೇ ಬೀಳುತ್ತದೆ. ಬೇರುಕಾಂಡ ಹರಡುತ್ತದೆ ನಿಜ, ಆದರೆ ಆಮೆ ವೇಗದಲ್ಲಿ. ಬಿಸಿಯ ಗಡಿ ಬಿದಿರನ್ನು ದಾಟಿ ಮುಂದೆ ಹೋಗಿಬಿಡುವ ಸಾಧ್ಯತೆ ಇರುವುದು ಇದಕ್ಕೇ. ಚಿನ್‌ಲಿಂಗ್‌ನ ಮೂರು ಮುಖ್ಯ ಬಿದಿರು ಜಾತಿಗಳ ಮೇಲೆ ಮಾಡಿ 2012ರ ಕೊನೆಗೆ ಪ್ರಕಟಿಸಿದ ಲೆಕ್ಕಾಚಾರ, ಈ ಶತಮಾನದ ಕೊನೆಗೆ ಅಲ್ಲಿನ ಪಾಂಡಾ ನೆಲೆಯ ಬಹುಭಾಗ ಕೈತಪ್ಪಬಹುದು ಎಂದಿತು. ಇವು ಮಾದರಿಗಳು, ಜ್ಯೋತಿಷ್ಯವಲ್ಲ. ಸಂಖ್ಯೆ ಆಚೀಚೆ ಆಗಬಹುದು. ಆದರೆ ಬೇರೆಬೇರೆ ತಂಡಗಳ ಲೆಕ್ಕಗಳು ತೋರಿಸುವ ದಿಕ್ಕು ಒಂದೇ.

ಮೇಲಕ್ಕೆ ಸರಿದರೂ ಇನ್ನೊಂದು ಮಿತಿ ಇದೆ. ಬೆಟ್ಟ ಮೇಲೆ ಹೋದಂತೆ ಕಿರಿದಾಗುತ್ತದೆ. ಎರಡು ಬೆಟ್ಟದ ತುದಿಗಳ ನಡುವೆ ಕಣಿವೆ ಇರುತ್ತದೆ, ಕಣಿವೆಯಲ್ಲಿ ರಸ್ತೆ ಇರುತ್ತದೆ. ನಾಲ್ಕನೇ ಗಣತಿಯ ಹೊತ್ತಿಗೆ ಪಾಂಡಾ ನೆಲೆಯೊಳಗೆ 300ಕ್ಕೂ ಹೆಚ್ಚು ಜಲವಿದ್ಯುತ್ ಘಟಕಗಳು, 1,300 ಕಿಲೋಮೀಟರಿಗೂ ಹೆಚ್ಚು ರಸ್ತೆ ಇದ್ದವು. ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದೂ ಇದನ್ನೇ: 1976ರಿಂದ 2001ರ ನಡುವೆ ನೆಲೆಯ ಒಟ್ಟು ವಿಸ್ತಾರ ಶೇ 5ರಷ್ಟು ಮಾತ್ರ ಕಡಿಮೆಯಾಯಿತು, ಆದರೆ ಒಂದೊಂದು ತುಣುಕಿನ ಸರಾಸರಿ ಗಾತ್ರ ಶೇ 24ರಷ್ಟು ಕುಗ್ಗಿತು. ಆಮೇಲಿನ ಚೇತರಿಕೆ ತೀರಾ ಅಲ್ಪ.

ಈಗ 1983ರ ವೋಲಾಂಗನ್ನು ಇದರ ಜೊತೆ ಸೇರಿಸಿ ನೋಡಿ. ಆಗ ಪಾಂಡಾಗಳನ್ನು ಉಳಿಸಿದ್ದು ಎರಡನೇ ಜಾತಿ ಬಿದಿರು ಮತ್ತು ಅಲ್ಲಿಗೆ ಇಳಿಯುವ ದಾರಿ. ಬಿಸಿ ಏರಿದರೆ ಕೆಲವು ಕಡೆ ಎರಡರಲ್ಲಿ ಒಂದು ಜಾತಿ ಇಲ್ಲವಾಗುತ್ತದೆ. ರಸ್ತೆ ಬಂದರೆ ದಾರಿ ಇಲ್ಲವಾಗುತ್ತದೆ. ಆ ಸ್ಥಿತಿಯಲ್ಲಿ ಉಳಿದ ಒಂದೇ ಜಾತಿ ಹೂ ಬಿಟ್ಟರೆ? ಹತ್ತು ಪಾಂಡಾ ಇರುವ ತುಣುಕಿಗೆ ಅದು ಒಂದೇ ಚಳಿಗಾಲದ ಮಾತು.

ಮುಂದೆ ಜಗಳ ಎಲ್ಲಿ ಎದ್ದೀತು

ತುಣುಕುಗಳನ್ನು ಜೋಡಿಸುವ ಕೆಲಸ ಶುರುವಾಗಿದೆ. ದಾಶಿಯಾಂಗ್‌ಲಿಂಗ್‌ನ ನಿಬಾ ಬೆಟ್ಟದಲ್ಲಿ ಹೆದ್ದಾರಿಯನ್ನು ಸುಮಾರು 10 ಕಿಲೋಮೀಟರ್ ಸುರಂಗದೊಳಗೆ ಒಯ್ದಿದ್ದಾರೆ. ಮೇಲಿನ ಕಾಡು ಪ್ರಾಣಿಗಳ ಓಡಾಟಕ್ಕೆ ಉಳಿದಿದೆ. ಲಿಜಿಪಿಂಗ್ ರಕ್ಷಿತಾರಣ್ಯದ ಸಣ್ಣ ಗುಂಪಿಗೆ ಹೊರಗಿನಿಂದ ಪಾಂಡಾಗಳನ್ನು ತಂದು ಸೇರಿಸಿದ್ದಾರೆ. 2012ರಲ್ಲಿ ಅಲ್ಲಿ ಬಿಟ್ಟ ತಾವೊ ತಾವೊ, ತಾಯಿಯ ಜೊತೆ ಕಾಡಿನಂಥ ಆವರಣದಲ್ಲೇ ಬೆಳೆದದ್ದರಿಂದ, ಬದುಕಿಕೊಂಡಿತು.

ಪಾಂಡಾ ಉಳಿದರೆ ಅದರ ಕಾಡಿನ ಎಲ್ಲ ಪ್ರಾಣಿಗಳೂ ಉಳಿಯುತ್ತವೆ ಎಂಬ ನಂಬಿಕೆಗೂ ಪೆಟ್ಟು ಬಿದ್ದಿದೆ. 2020ರ ಒಂದು ಅಧ್ಯಯನದ ಪ್ರಕಾರ, 1960–70ರ ದಶಕಗಳಿಗೆ ಹೋಲಿಸಿದರೆ ಪಾಂಡಾ ನೆಲೆಗಳಲ್ಲಿ ಚಿರತೆ ಶೇ 81, ತೋಳ ಶೇ 77, ಕಾಡುನಾಯಿ ಶೇ 95ರಷ್ಟು ರಕ್ಷಿತ ಪ್ರದೇಶಗಳಿಂದ ಕಣ್ಮರೆಯಾಗಿವೆ. ಒಂದೇ ಪ್ರಾಣಿಯ ಸಂಖ್ಯೆ ನೋಡಿ ಕಾಡಿನ ಆರೋಗ್ಯ ಹೇಳಲು ಹೋದರೆ ಹೀಗಾಗುತ್ತದೆ.

ಇನ್ನು ಮುಂದಿನ ದೊಡ್ಡ ಜಗಳ ಗಡಿಯದ್ದು. ಉದ್ಯಾನದ ಗೆರೆ ಎಳೆದಿರುವುದು ಇವತ್ತು ಬಿದಿರು ಮತ್ತು ಪಾಂಡಾ ಇರುವ ಜಾಗ ನೋಡಿ. ಹವಾಮಾನದ ಕೆಲವು ಲೆಕ್ಕಗಳು ನಿಜವಾದರೆ, ಶತಮಾನದ ಕೊನೆಗೆ ಬಿದಿರಿಗೆ ಹಿತವಾಗುವ ಜಾಗಗಳಲ್ಲಿ ಸಾಕಷ್ಟು ಭಾಗ ಇವತ್ತಿನ ರಕ್ಷಿತ ಪ್ರದೇಶಗಳ ಹೊರಗಿರುತ್ತದೆ. ಪಾಂಡಾ ಅಲ್ಲಿಗೆ ತಾನೇ ನಡೆದು ಹೋದೀತು. ಬಿದಿರನ್ನು ಯಾರಾದರೂ ಒಯ್ದು ನೆಡಬೇಕು, ಅದೂ ದೊಡ್ಡ ಮರಗಳ ನೆರಳಿನಡಿ, ಪಾಂಡಾ ಬರುವುದಕ್ಕೆ ಒಂದೆರಡು ದಶಕ ಮುಂಚೆ. ಒಂದೇ ತಾಯಿಯ ಬೀಜ ತಂದು ಇಡೀ ಇಳಿಜಾರಿಗೆ ನೆಟ್ಟರೆ ಅದೆಲ್ಲ ಒಂದೇ ವರ್ಷ ಹೂ ಬಿಟ್ಟು ಸಾಯುತ್ತದೆ, ಆದ್ದರಿಂದ ಬೇರೆಬೇರೆ ಜಾತಿ, ಬೇರೆಬೇರೆ ಮೂಲದ ಬೀಜ ಬೇಕು. ಆ ಇಳಿಜಾರುಗಳಲ್ಲಿ ಕೆಲವು ಕಡೆ ಹಳ್ಳಿಗಳಿವೆ, ಹುಲ್ಲುಗಾವಲುಗಳಿವೆ, ಅಣೆಕಟ್ಟಿನ ಯೋಜನೆಗಳಿವೆ. ‘ಅಳಿವಿನಂಚಿನಲ್ಲಿಲ್ಲ’ ಎಂದು ಸರ್ಕಾರವೇ ಸಾರಿದ ಪ್ರಾಣಿಗಾಗಿ, ಇನ್ನೂ ಬಾರದ ಹಸಿವೊಂದನ್ನು ಮುಂದಿಟ್ಟುಕೊಂಡು, ಅಲ್ಲಿನ ಜನರ ಬಳಿ ಜಾಗ ಕೇಳಬೇಕಾಗುತ್ತದೆ.